ಲಿಫ್ಟಿನ ಭಯ

ನನಗಿದ್ದದ್ದು ಲಿಫ್ಟಿನ ಭಯ. ಅದಕ್ಕೆಂದೇ ಈ ಆಪ್ತಸಮಾಲೋಚಕರ ಬಳಿ ಬಂದಿದ್ದೆ. ನಾಲ್ಕು ವಾರವಾಯಿತು, ಮಹಾಶಯರು ನನ್ನ ಅಪ್ಪನನ್ನು ಬಿಟ್ಟು ಲಿಫ್ಟಿನ ಹತ್ತಿರವೂ ಸುಳಿದಿಲ್ಲ. ಗೋಡೆಯ ತುಂಬ ಸರ್ಟಿಫಿಕೇಟು ಬೇರೆ.

"ಅಪ್ಪ ಹೊಡೀತಿದ್ರು, ಅಲ್ವಾ?"

"ನಮ್ಮಪ್ಪ ನೊಣಕ್ಕೂ ಕೈ ಎತ್ತಿದವರಲ್ಲ, ಸಾರ್."

"ಎಲ್ಲರೂ ಮೊದ್ಲು ಹೀಗೇ ಹೇಳೋದು. ಬೆಲ್ಟಲ್ಲಿ ತಾನೆ? ಬಕಲ್ ಇರೋ ಕಡೆಯಿಂದ?"

"ಅವರು ಜೀವನವಿಡೀ ಉಟ್ಟಿದ್ದು ಪಂಚೆ. ನಮ್ಮನೇಲಿ ಬೆಲ್ಟೇ ಇರ್ಲಿಲ್ಲ."

ಅವರು ಕನಿಕರದಿಂದ ನಕ್ಕು ಫೈಲಿನಲ್ಲಿ ಏನೋ ಗೀಚಿದರು. "ಮನಸ್ಸು ಮರೆಮಾಚತ್ತೆ. ನಿಮ್ಮೊಳಗಿನ ಆ ಮಗು ಇನ್ನೂ ಮಂಚದ ಕೆಳಗೇ ಅಡಗಿ ಕೂತಿದೆ. ನೀವೇ ಅದನ್ನ ಹೊರಗೆ ಕರೀಬೇಕು."

"ನಾವೆಲ್ಲ ಮಲಗ್ತಿದ್ದದ್ದು ಚಾಪೆ ಮೇಲೆ, ಸಾರ್. ಮಂಚ ಎಲ್ಲಿಂದ ತರ್ಲಿ?"

ಇವರ ಪಾಂಡಿತ್ಯಕ್ಕೊಂದು ದೊಡ್ಡ ನಮಸ್ಕಾರ ಎಂದುಕೊಂಡು ಎದ್ದೆ. ಮೆತ್ತನೆಯ ಸೋಫಾದಲ್ಲಿ ಕೂತು ಕೂತು ಪ್ಯಾಂಟು ಜಾರಿತ್ತು. ಬಿಗಿ ಮಾಡಿಕೊಳ್ಳೋಣವೆಂದು ಬೆಲ್ಟು ಬಿಚ್ಚಿದೆ.

ಬಕಲ್ ಸದ್ದಾದದ್ದೇ ತಡ, ಅವರು ಫೈಲು ಕೆಳಗೆ ಬಿಟ್ಟು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡರು.