ಸಾವಿರ ಮೀಟರ್ ದಾಟಿದ ಮೇಲೆ

ತಿರುವಿನಲ್ಲಿ ಕೆಂಪು ಬೈಕು ಕಾಣಿಸಿದ ಕೂಡಲೇ ಕಸ್ಪರ್ ವೇಗ ತಗ್ಗಿಸಿದ. ತೀರಾ ಹತ್ತಿರ ಹೋದರೆ ಗುರುತು ಸಿಗುತ್ತದೆ. ತೀರಾ ಹಿಂದೆ ಉಳಿದರೆ ಹೆಂಡತಿ ಕಣ್ತಪ್ಪಿಸಿಬಿಡುತ್ತಾಳೆ. ಯೌಫೆನ್ ಘಾಟಿಯಲ್ಲಿ ಗಂಡನಾದವನು ಎಷ್ಟು ಅಂತರ ಕಾಯ್ದುಕೊಳ್ಳಬೇಕೆಂದು ಯಾವ ಡ್ರೈವಿಂಗ್ ಶಾಲೆಯೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಪ್ರತಿ ಬೇಸಿಗೆ, ಹಿಮ ತೆಗೆದು ಘಾಟಿಯ ರಸ್ತೆ ತೆರೆದ ಮೇಲೆ, ವ್ರೋನಿ ಒಬ್ಬಳೇ ಬೈಕು ಹತ್ತಿ ಹೊರಡುತ್ತಿದ್ದಳು. "ಬೆಟ್ಟಕ್ಕೆ ಹೋಗೋವಾಗ ನಂಗೆ ಜೊತೆ ಬೇಡ" ಎನ್ನುತ್ತಿದ್ದಳು. ಕೆಳಗೆ ಮೆರಾನ್ ಪಟ್ಟಣದಲ್ಲಿ ಔಷಧಿ ಅಂಗಡಿ ನಡೆಸುವ ಕಸ್ಪರ್ ಗೋಣಾಡಿಸುತ್ತಿದ್ದ. ನಂಬಿಯೂ ಇದ್ದ, ಹೋದ ವರ್ಷದ ಫೋಟೋ ನೋಡುವವರೆಗೆ. ಘಾಟಿಯ ನೆತ್ತಿಯಲ್ಲಿ ವ್ರೋನಿ. ಎರಡೂ ಕೈ ಹ್ಯಾಂಡಲಿನ ಮೇಲೆ, ಮುಖದ ತುಂಬ ನಗು.

"ಒಬ್ಳೇ ಹೋಗಿದ್ದೆ ಅಂತೀಯ. ಇದನ್ನ ತೆಗೆದಿದ್ದು ಯಾರು?"

"ದಾರೀಲಿ ಯಾರೋ ಸಿಕ್ಕಿದ್ರು ಕಣೋ. ಜಾತಕ ಕೇಳಿ ಫೋಟೋ ತೆಗೆಸ್ಕೋಬೇಕಿತ್ತಾ?"

ಅಂಥ ನಗು ಮನೆಯಲ್ಲಿ ಅವನಿಗೆ ಕಂಡು ಎಷ್ಟು ಕಾಲವಾಗಿತ್ತೋ. ದಾರಿಯಲ್ಲಿ ಸಿಕ್ಕ ಯಾರಿಗೋ ಅದು ಪುಕ್ಕಟೆ ಸಿಕ್ಕಿತ್ತು. ಇಡೀ ಚಳಿಗಾಲ ಅವನ ಹೊಟ್ಟೆ ಉರಿಯಿತು. ಅಂಗಡಿಯಲ್ಲಿದ್ದ ಯಾವ ಮಾತ್ರೆಗೂ ಅದು ಬಗ್ಗಲಿಲ್ಲ. ಈ ಸಲ ತಮ್ಮನ ಬೈಕು, ತಮ್ಮನ ಜಾಕೆಟ್ಟು, ಕಪ್ಪು ಗಾಜಿನ ಹೆಲ್ಮೆಟ್ಟು ತಂದು ಅವಳ ಬೆನ್ನು ಬಿದ್ದಿದ್ದ.

ಒಂದು ಕಡೆ ವ್ರೋನಿ ನೀರು ಕುಡಿಯಲು ನಿಂತಳು. ಅವನು ಮುಂದೆ ಹೋಗಲೇಬೇಕಾಯಿತು. ಬೈಕಿನವರ ವಾಡಿಕೆಯಂತೆ ಅವಳು ಕೈ ಬೀಸಿದಳು. ಗುರುತು ಪರಿಚಯವಿಲ್ಲದ ಗಂಡಸಿಗೆ ಎಷ್ಟು ಸಲೀಸಾಗಿ ಕೈ ಬೀಸುತ್ತಾಳೆ ಎಂದು ಅವನ ಮೈಯೆಲ್ಲ ಬಿಸಿಯಾಯಿತು. ಆ ಗಂಡಸು ತಾನೇ ಎಂಬುದು ಅವನಿಗೆ ಕಿಂಚಿತ್ತೂ ಸಮಾಧಾನ ಕೊಡಲಿಲ್ಲ.

ನೆತ್ತಿಯ ಹೋಟೆಲಿಗೆ ಅವನೇ ಮೊದಲು ತಲುಪಿ, ಹೊರಗೆ ತೆರೆದ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತ. ಒಡತಿ ಸೆಫಾ ಬಾರ್ಲಿ ಸೂಪು ತಂದಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಯ್ಯಾ, ಸೂಪನ್ನ ಹೆಲ್ಮೆಟ್ಟಿನ ಮೇಲಿಂದಾನೇ ಹುಯ್ಕೋತೀಯಾ?"

ಪಕ್ಕದ ಮೇಜಿನವರು ಗೊಳ್ಳೆಂದರು. ಸೆಫಾ ಅವರನ್ನೂ ಬಿಡಲಿಲ್ಲ. "ನೀನೇನು ನಗ್ತೀಯ? ಬ್ರೆಡ್ಡಿನ ಉಂಡೆ ತಣ್ಣಗಾಗ್ತಿದೆ, ತಿನ್ನು" ಎಂದು ಗದರಿಸಿಕೊಂಡವರು ಮೆರಾನಿನ ನ್ಯಾಯಾಧೀಶರು. ಅವರು ತೆಪ್ಪಗೆ ಉಂಡೆಗೆ ಕೈ ಹಾಕಿದರು. ಸಾವಿರ ಮೀಟರ್ ಎತ್ತರ ದಾಟಿದರೆ ಆ ಸೀಮೆಯಲ್ಲಿ ಯಾರಿಗೂ ಬಹುವಚನವಿಲ್ಲ.

ಅಷ್ಟರಲ್ಲಿ ವ್ರೋನಿ ಬಂದಳು. ಬಾಗಿಲಿಗೆ ಅಡ್ಡ ನಿಂತಿದ್ದ ಯಾವನೋ ಗಡ್ಡದವನಿಗೆ "ಸ್ವಲ್ಪ ಜರುಗು ಮಾರಾಯ" ಎಂದು ನಕ್ಕಳು. ಅದಕ್ಕೂ ಕಸ್ಪರ್ ಹಲ್ಲು ಕಡಿದ. ಒಳಗೆ ಕಿಟಕಿಯ ಮೇಜಿನಲ್ಲಿ ಒಬ್ಬ ಕೂತಿದ್ದ. ಹೆಲ್ಮೆಟ್ ತೆಗೆದರೂ ಕೆಡದ ಕೂದಲು. ಅಂಥ ಕೂದಲಿನವರನ್ನು ಕಸ್ಪರ್ ಹುಟ್ಟಿದಾಗಿನಿಂದಲೇ ನಂಬಿದವನಲ್ಲ. ವ್ರೋನಿ ನೇರ ಆ ಮೇಜಿನ ಬಳಿಗೇ ಬಂದು, ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿ ನಿಂತಳು. ಕಸ್ಪರ್ ತಲೆ ತಗ್ಗಿಸಿ ಕಿವಿ ನಿಮಿರಿಸಿದ. ಅವನ ಮದುವೆ ಉಳಿಯುವುದೋ ಮುಗಿಯುವುದೋ ಎಂಬುದು ಇನ್ನು ಅವಳಾಡುವ ಮಾತಿನಲ್ಲಿತ್ತು.

"ಕ್ಷಮಿಸಿ, ಈ ಕುರ್ಚಿ ಖಾಲಿ ಇದೆಯಾ?"

ಆ ಮನುಷ್ಯ ತುಸು ತಡವರಿಸಿದ.

"ಇದೆ... ಕೂತ್ಕೊಳ್ಳಿ."

"ನೀವು ಯಾವ ಕಡೆಯವ್ರು?"

"ಬೋತ್ಸೆನ್ ಕಡೆ. ನೀವು?"

"ಮೆರಾನ್. ನಮ್ಮ ಯಜಮಾನ್ರದ್ದು ಅಲ್ಲಿ ಔಷಧಿ ಅಂಗಡಿ. ತುಂಬ ಒಳ್ಳೆಯವ್ರು."

"ಅದೃಷ್ಟವಂತರು ಬಿಡಿ ಅವ್ರು."

ಹೆಲ್ಮೆಟ್ಟಿನೊಳಗೆ ಕಸ್ಪರನ ಕಣ್ಣು ತುಂಬಿ ಬಂತು. ಅಂಗಡಿಗೆ ಬಂದ ಗಿರಾಕಿಯೊಡನೆ ತಾನು ದಿನವೂ ಆಡುವ ಮಾತು ಇದು. ಅಪ್ಪಟ ಅಪರಿಚಿತರ ಮಾತು. ಇಂಥ ಹೆಂಡತಿಯ ಹಿಂದೆ ಕಳ್ಳನ ಹಾಗೆ ಬಂದೆನಲ್ಲ ಎಂದು ನಾಚಿಕೆಯಾಯಿತು. ಸೂಪು ಮುಟ್ಟದೆ ಎದ್ದು ಬೈಕು ಹತ್ತಿದ.

ಇಳಿಜಾರಿನುದ್ದಕ್ಕೂ ಬೇಸುರವಾಗಿ ಹಾಡಿದ. ಎದುರು ಬಂದ ಬೈಕಿನವರಿಗೆಲ್ಲ ಕೈ ಬೀಸಿದ. ಒಂದು ಹಾಲಿನ ಲಾರಿಗೂ ಬೀಸಿದ. ರಾತ್ರಿ ಅವಳಿಗೆ ತಾನೇ ಅಡುಗೆ ಮಾಡಿ ಬಡಿಸಬೇಕು, ಮುಂದಿನ ವರ್ಷ ತಾನೇ ಒತ್ತಾಯ ಮಾಡಿ ಅವಳನ್ನು ಬೆಟ್ಟಕ್ಕೆ ಕಳಿಸಬೇಕು ಎಂದುಕೊಂಡ.

ಕಣಿವೆಯ ಪೆಟ್ರೋಲ್ ಬಂಕಿನಲ್ಲಿ ಹೆಲ್ಮೆಟ್ ಕಳಚಿ ಬೆವರು ಒರೆಸಿಕೊಂಡ. ಬಂಕಿನ ಹೆಂಗಸು ಪೈಪು ಹಿಡಿದು ಬಂದಳು.

"ಎಷ್ಟು ಹಾಕ್ಲಿ ನಿಮಗೆ?"

"ತುಂಬ್ಸಿಬಿಡಿ. ಅಬ್ಬ, ನಿಮ್ಮ ಬಾಯಲ್ಲಾದ್ರೂ ಮರ್ಯಾದೆ ಸಿಕ್ತಲ್ಲ! ಮೇಲೆ ನಂಗೆ ಏನಯ್ಯಾ ಅಂದ್ಬಿಟ್ಲು."

"ಘಾಟಿಯಿಂದ ಬಂದ್ರಾ? ಅಲ್ಲಿ ಹಾಗೇ ಯಜಮಾನ್ರೇ. ಮುಖ ಕಂಡಿರದವ್ರಿಗೂ ನೀನು ಅಂತಾನೇ ಅಂತಾರೆ."

ಹೌದೆಂದು ನಗಲು ಕಸ್ಪರ್ ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

ಆ ಇಡೀ ನೆತ್ತಿಯಲ್ಲಿ 'ನೀವು' ಅಂದವರು ಇಬ್ಬರೇ ಇಬ್ಬರು, ಅದೂ ಕಿಟಕಿಯಾಚೆ ಕೂತಿದ್ದ ಅವನಿಗೆ ಕೇಳಲಿ ಎಂದು.