ಕರುವಿನ ಹಗ್ಗ

ಮಂಗಳಾಳ ಕೈ ಕರುವಿನ ಹಗ್ಗದ ಗಂಟಿನ ಮೇಲೇ ನಿಂತಿತ್ತು.

ಮಗಳು ಲೋಹಿತಾ ದೊಡ್ಡವಳಾದ ಮೇಲೆ ಖೋಖೋ ಬಿಡಿಸಿದ್ದರು. ಹೆಣ್ಣುಮಗಳು ಬಯಲಲ್ಲಿ ಕುಣಿಯಕೂಡದೆಂದು ಅತ್ತೆ ಲಕ್ಷ್ಮಕ್ಕನ ಕಟ್ಟಪ್ಪಣೆ. ಅಂದಿನಿಂದ ಮೊಬೈಲ್ ಹಿಡಿದು ಮೂಲೆ ಸೇರಿದ ಹುಡುಗಿಗೆ ಒಂದೇ ಮಾತು: "ಮೈ ಹುಷಾರಿಲ್ಲ ಕಣಮ್ಮ." ಮಧುಗಿರಿಯ ಡಾಕ್ಟರು ನೋಡಿ, ಯಾವ ಕಾಯಿಲೆಯೂ ಇಲ್ಲ ಅಂದಿದ್ದರು.

ನಿನ್ನೆ ಕರು ಹಗ್ಗ ಕಿತ್ತುಕೊಂಡಾಗ ಲೋಹಿತಾ ಬಯಲುದ್ದಕ್ಕೂ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದಿದ್ದಳು. ಕರು ಹಿಡಿಯುವುದು ಮನೆಗೆಲಸವೆಂದು ಅತ್ತೆಯೂ ತಡೆದಿರಲಿಲ್ಲ. "ಮೈ ಹೆಂಗೈತವ್ವ?" ಎಂದು ಮಂಗಳಾ ಕೇಳಿದರೆ, ಏದುಸಿರಲ್ಲೇ ನಕ್ಕಿದ್ದಳು: "ನಂಗೇನಾಗೈತೆ? ಚೆನ್ನಾಗೇ ಇದೀನಿ."

ಮಂಗಳಾ ಜಗಲಿಯತ್ತ ನೋಡಿದಳು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೆಲ್ಲಗೆ ಗಂಟು ಬಿಚ್ಚಿ, ಕರುವಿನ ಬೆನ್ನು ತಟ್ಟಿ ಆಚೆ ಬಿಟ್ಟಳು. ಅದು ಬಯಲು ಮುಟ್ಟಿದ ಮೇಲೆ ಕೂಗಿದಳು:

"ಲೇ ಲೋಹಿತಾ, ಕರು ಬಿಚ್ಕೊಂಡೋಯ್ತು, ಓಡೇ!"