ಯಾರೆಮ್ಕೊ ಹೇಳುವ ದಾರಿ

ಬೂದು ಬಣ್ಣದ ಕಾರು ಮೂರನೆಯ ಸಲ ಅಂಚೆ ಕಚೇರಿಯ ಮುಂದೆ ಹಾದುಹೋದಾಗ ಎದುರಿನ ಕೆಫೆಯಲ್ಲಿ ಕೂತಿದ್ದ ನೆಸ್ಟರ್ ಯಾರೆಮ್ಕೊ ಕಾಫಿ ಲೋಟ ಕೆಳಗಿಟ್ಟು ಕಾಲರ್ ಸರಿಮಾಡಿಕೊಂಡ. ನಗರದ ಕಾರು. ಅಂದರೆ ಮಾರಾಟಕ್ಕಿದ್ದ ತೆಕ್ಲಾಳ ಮನೆ ನೋಡಲು ಬಂದವರೇ.

ಕಾರಿನಿಂದಿಳಿದ ಗಂಡ ಹೆಂಡತಿ ಕೆಫೆಯೊಳಗೆ ಬಂದರು. ಊರಿನ ಪ್ರತಿ ಮನೆಯನ್ನೂ ಬಲ್ಲ ಪೋಸ್ಟ್‌ಮಾಸ್ಟರ್ ಬಾಗಿಲ ಪಕ್ಕದಲ್ಲೇ ಕೂತಿದ್ದ. ಅವನನ್ನು ದಾಟಿ, ಕೆಫೆಯ ಒಡತಿ ಜೂನ್ ಕ್ವಾನ್‌ಳನ್ನೂ ದಾಟಿ, ಇಲ್ಲಿ ಯಾರೆಮ್ಕೊ ಅವರು ಯಾರು ಎಂದು ವಿಚಾರಿಸಿದರು.

ನೆಸ್ಟರ್‌ಗೆ ಇದು ಹೊಸದಲ್ಲ. ಮೂವತ್ತೊಂದು ವರ್ಷ ಯಂತ್ರ ಓಡಿಸಿ ಝೋರಿಯಾ ಊರಿನ ಸುತ್ತಲಿನ ಮಣ್ಣುರಸ್ತೆಗಳನ್ನೆಲ್ಲ ಸಮ ಮಾಡಿದವನು ಅವನು. ದಾರಿ ಬೇಕಾದವರು ತನ್ನನ್ನಲ್ಲದೆ ಇನ್ನಾರನ್ನು ಕೇಳಿಯಾರು ಎಂಬ ಜಂಬ ಸ್ವಲ್ಪ ಇತ್ತು.

"ಬಹಳ ಸುಲಭ," ಎಂದ. "ಗೋಧಿ ಕಣಜ ಸುಟ್ಟುಹೋಯ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ. ಬೊಹಚುಕ್ ಅವರ ಕೆಂಪು ಕೊಟ್ಟಿಗೆ ಇದ್ದ ಕಡೆ ಬಲಕ್ಕೆ. ಆಮೇಲೆ ಹಳೇ ಶಾಲೆವರೆಗೂ ನೇರ ಹೋಗಿ. ಶಾಲೆ ಈಗಿಲ್ಲ, ಜಾಗ ಅದೇ."

ಕಣಜ ಸುಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಕೊಟ್ಟಿಗೆಯನ್ನು ಸುಂಟರಗಾಳಿ ಎತ್ತಿಕೊಂಡು ಹೋಗಿತ್ತು. ಈಗ ಅಲ್ಲಿ ಗೋಧಿ, ಆಕಾಶ, ಮತ್ತೆ ಗೋಧಿ. ಆದರೂ ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹನ್ನೆರಡು ಮೈಲಿ ಸುತ್ತಿದರೆ ತೆಕ್ಲಾಳ ಮನೆ ಸಿಕ್ಕೇ ಸಿಗುತ್ತಿತ್ತು. ಅದು ಕೆಫೆಯ ಹಿಂದಿನ ಬೀದಿಯಲ್ಲೇ ಇತ್ತೆನ್ನುವುದು ಬೇರೆ ಮಾತು. ಹತ್ತಿರದ ದಾರಿ ಯಾವುದೆಂದು ಯಾರೂ ಕೇಳಿರಲಿಲ್ಲ.

ಕಾರು ದೂಳೆಬ್ಬಿಸಿ ಹೋಯಿತು. ಹೋದ ವಾರ ದಾರಿ ಕೇಳಿದವರು ಇಷ್ಟರಲ್ಲಿ ಪಕ್ಕದ ಪ್ರಾಂತ್ಯ ಮ್ಯಾನಿಟೋಬಾ ತಲುಪಿರಬೇಕು ಎಂದು ಜೂನ್ ಮೇಜು ಒರೆಸುತ್ತ ಹೇಳಿದಳು.

ಮನೆ ಮಾರುವ ಹಟ ತೆಕ್ಲಾಳದ್ದಲ್ಲ, ಅವಳ ಅಕ್ಕ ದಾರ್ಯಾಳದ್ದು. ಅವಳಿರುವ ದೂರದ ವಿಕ್ಟೋರಿಯಾದಲ್ಲಿ ಚಳಿಗಾಲದಲ್ಲೂ ಗಿಡಗಳು ಹೂ ಬಿಡುತ್ತವಂತೆ, ತಂಗಿಯೂ ಅಲ್ಲಿಗೇ ಬರಬೇಕಂತೆ. ಪತ್ರಿಕೆಗೆ ಜಾಹೀರಾತು ಕೊಟ್ಟು, ತಂಗಿಯ ಫೋನ್ ನಂಬರನ್ನೂ ಹಾಕಿಸಿದ್ದಳು. ಅಕ್ಕನಿಗೆ ಎದುರಾಡಿ ಗೊತ್ತಿಲ್ಲದ ತೆಕ್ಲಾ, ಮಾರಾಟವಾದ ದಿನವೇ ಹೊರಡುತ್ತೇನೆಂದು ಒಪ್ಪಿದ್ದಳು.

ಅದನ್ನು ಕೇಳಿದಂದಿನಿಂದ ನೆಸ್ಟರ್ ದಿನವಿಡೀ ಕೆಫೆಯ ಕಿಟಕಿಯ ಬಳಿಯೇ ಕೂರುತ್ತಿದ್ದ. ಪ್ರತಿ ಶುಕ್ರವಾರ ತೆಕ್ಲಾ ಅವನಿಗೆ ಆಲೂಗಡ್ಡೆ ತುಂಬಿದ ಕಡುಬು ತಂದುಕೊಡುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ಅವಳಿಗೊಂದು ಮಾತು ಹೇಳಬೇಕೆಂದು ಬಾಯಿ ತೆರೆದು, ಈ ಸಲ ಮಳೆ ಕಡಿಮೆ ಎಂದು ಹೇಳಿ ಮುಚ್ಚುತ್ತಿದ್ದ. ಅವಳಿಲ್ಲದ ಝೋರಿಯಾದಲ್ಲಿ ತನಗೇನಿದೆ?

ಮಧ್ಯಾಹ್ನ ಕೆಫೆಯ ಬಾಗಿಲು ಧಡಾರನೆ ತೆರೆಯಿತು. ಮೈತುಂಬ ದೂಳಿನ ದಾರ್ಯಾ, ಹಿಂದೆ ತಲೆ ತಗ್ಗಿಸಿದ ತೆಕ್ಲಾ. ವಿಕ್ಟೋರಿಯಾದಿಂದ ಬಂದು ಬಸ್ಸಿಳಿದ ದಾರ್ಯಾಳಿಗೆ ಪೆಟ್ರೋಲ್ ಬಂಕಿನಲ್ಲಿ ಬೂದು ಕಾರಿನವರು ಸಿಕ್ಕಿದ್ದರು. ಶಾಲೆಗಾಗಿ ಹುಡುಕಿ ಸೋತು, ಮನೆಯೂ ಬೇಡ, ಊರೂ ಬೇಡ ಎಂದು ಹೊರಟು ನಿಂತಿದ್ದರು.

"ಹನ್ನೊಂದು ಜನ ಬರ್ತೀವಿ ಅಂತ ಫೋನ್ ಮಾಡಿದ್ರು ನೆಸ್ಟರ್. ಒಬ್ಬರಾದ್ರೂ ಬಾಗಿಲು ತಟ್ಟಲಿಲ್ಲ. ಎಲ್ಲರಿಗೂ ನೀನೇ ದಾರಿ ತೋರಿಸಿದ್ಯಂತೆ, ಬಂಕಿನವನೇ ಹೇಳ್ದ."

ನಾಳೆಯಿಂದ ತಾನೇ ರಸ್ತೆಯಲ್ಲಿ ನಿಂತು ಕೈಹಿಡಿದು ಕರೆತರುತ್ತೇನೆ ಎಂದಳು ದಾರ್ಯಾ. ಪೋಸ್ಟ್‌ಮಾಸ್ಟರ್ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ.

ನೆಸ್ಟರ್ ಎದ್ದು ನಿಂತ.

"ಬೇಕಂತಲೇ ಮಾಡ್ದೆ. ನಿಂಗೆ ಮೋಸ ಮಾಡ್ದೆ ತೆಕ್ಲಾ, ತಪ್ಪಾಯ್ತು. ಆದ್ರೆ ನೀನು ಹೋಗೋದು ನಂಗಿಷ್ಟ ಇಲ್ಲ. ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಇಪ್ಪತ್ತು ವರ್ಷದಿಂದ ಸುತ್ತಾಡ್ತಾ ಇದ್ದೀನಿ."

ಜೂನ್ ಒರೆಸುವ ಬಟ್ಟೆ ಕೆಳಗಿಟ್ಟಳು. ಈ ಮೋಸಗಾರನಿಗೆ ಬಾಯಿಬಿಟ್ಟು ನಾಲ್ಕು ಮಾತು ಬೈಯಿ ಎಂದು ದಾರ್ಯಾ ತಂಗಿಯನ್ನು ಮುಂದಕ್ಕೆ ತಳ್ಳಿದಳು.

ತೆಕ್ಲಾಳ ಕಿವಿ ಕೆಂಪಾಗಿತ್ತು.

"ಬೈಯೋದು ಹೇಗಕ್ಕ? ಫೋನ್ ಮಾಡಿದವರಿಗೆಲ್ಲ, ದಾರಿ ಕೇಳೋದಾದ್ರೆ ಯಾರೆಮ್ಕೊ ಅವರನ್ನೇ ಕೇಳಿ, ಬೇರೆ ಯಾರನ್ನೂ ಕೇಳ್ಬೇಡಿ ಅಂತ ಹೇಳಿದ್ದೇ ನಾನು."